ಮೊದಲ ಅಕ್ಷರ ನುಂಗುವ ಲ್ಯಾಪ್‌ಟಾಪ್

ನನ್ನ ಅಣ್ಣನಿಗೆ ಕನ್ನಡಕದ ಅಂಗಡಿಯಿದೆ. ನನಗೆ ಕಣ್ಣು ಕಾಣುವುದಿಲ್ಲ. ಈ ಎರಡು ಮಾತನ್ನು ಒಟ್ಟಿಗೆ ಹೇಳಿದ ಕೂಡಲೇ ಎದುರಿಗಿದ್ದವರು "ಅಯ್ಯೋ ಪಾಪ" ಅನ್ನುತ್ತಾರೆ. ಯಾರಿಗೆ ಪಾಪ ಎಂದು ನಾನು ಕೇಳಲು ಹೋಗುವುದಿಲ್ಲ. ಅವನ ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿದೆ.

ಅಣ್ಣನ ಹೆಗ್ಗಳಿಕೆ ಏನೆಂದರೆ, ಗಿರಾಕಿ ಬಾಗಿಲು ದಾಟುವಷ್ಟರಲ್ಲೇ ಆ ಮುಖಕ್ಕೆ ಯಾವ ಫ್ರೇಮ್ ಒಪ್ಪುತ್ತದೆ ಎಂದು ಅವನಿಗೆ ತಿಳಿದುಬಿಡುತ್ತದಂತೆ. ಗಿರಾಕಿ ಏನೇ ಕೇಳಿಕೊಂಡು ಬಂದಿರಲಿ, ಕೊನೆಗೆ ಅಣ್ಣ ಹೇಳಿದ್ದನ್ನೇ ಮೂಗಿನ ಮೇಲೆ ಏರಿಸಿಕೊಂಡು ಹೋಗುತ್ತಾರೆ. ಈ ಚಾಳಿ ಅಂಗಡಿಯ ಬಾಗಿಲು ಹಾಕಿದ ಮೇಲೂ ನಿಲ್ಲುವುದಿಲ್ಲ, ಅವನ ಜೊತೆಗೇ ಮನೆಗೆ ಬರುತ್ತದೆ. ನನ್ನ ಚಪ್ಪಲಿ, ನನ್ನ ಕೊಡೆ, ನನ್ನ ಕೈಗಡಿಯಾರ, ಅಷ್ಟೇಕೆ, ನಾನು ಓದಿದ ಕಾಲೇಜು ಕೂಡ ಅವನ ಆಯ್ಕೆ. ಒಂದೂ ಕೆಟ್ಟದ್ದಲ್ಲ, ಅದೇ ದೊಡ್ಡ ತೊಂದರೆ. ಕೆಟ್ಟದ್ದಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ನಾನು ಒಂದು ಸಾಫ್ಟ್‌ವೇರ್ ಆಫೀಸಿನಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದೇನೆ. ಬೇರೆಯವರು ಬರೆದ ಪ್ರೋಗ್ರಾಂ ಕಣ್ಣು ಕಾಣದವರ ಕೈಯಲ್ಲೂ ನಡೆಯುತ್ತದೆಯೇ ಎಂದು ಪರೀಕ್ಷಿಸಿ, ಇಲ್ಲಿ ಬಟನ್ನಿಗೆ ಹೆಸರಿಲ್ಲ, ಅಲ್ಲಿ ಚಿತ್ರಕ್ಕೆ ವಿವರಣೆಯಿಲ್ಲ ಎಂದು ವರದಿ ಬರೆಯುವುದು ನನ್ನ ಕೆಲಸವಾಗಿತ್ತು. ವರದಿ ಕಳಿಸಿದರೆ "ತುಂಬಾ ಧನ್ಯವಾದ, ನೀವು ನಮಗೆಲ್ಲ ಸ್ಫೂರ್ತಿ" ಎಂದು ಉತ್ತರ ಬರುತ್ತಿತ್ತು. ಬಟನ್ನಿಗೆ ಹೆಸರು ಮಾತ್ರ ಬರುತ್ತಿರಲಿಲ್ಲ. ಹೀಗೆ ಆರು ವರ್ಷ ನಾನು ಆ ಕಟ್ಟಡದ ಮೂಲೆಯಲ್ಲಿ ಸ್ಫೂರ್ತಿಯಾಗಿ ಕೂತಿದ್ದೆ. ಸ್ಫೂರ್ತಿಗೆ ಯಾರೂ ಕೆಲಸ ಹೇಳುವುದಿಲ್ಲ. ಹೊರಗಿನಿಂದ ದೊಡ್ಡವರು ಬಂದಾಗ ಕರೆದುಕೊಂಡು ಬಂದು ತೋರಿಸುತ್ತಾರೆ, ಅಷ್ಟೇ.

ನಾನು ಕಲಿತದ್ದು ಪ್ರೋಗ್ರಾಂ ಬರೆಯುವುದನ್ನು. ಬೇರೆಯವರ ಪ್ರೋಗ್ರಾಂನಲ್ಲಿ ಹುಳುಕು ಹುಡುಕುತ್ತ ಕೂರುವಾಗ, ಇದಕ್ಕಿಂತ ಚೆನ್ನಾಗಿ ನಾನೇ ಬರೆಯುತ್ತಿದ್ದೆನಲ್ಲ ಎಂದು ಹೊಟ್ಟೆ ಉರಿಯುತ್ತಿತ್ತು. ಈ ವರ್ಷ ಪ್ರೋಗ್ರಾಂ ಬರೆಯುವವರ ತಂಡಕ್ಕೆ ಹೊಸ ಮುಖ್ಯಸ್ಥೆ ಬಂದರು. ಅವರು ಮಾತು ಮುಗಿಸಿದ ಮೇಲೆ ಬೇರೆ ಯಾರಿಗೂ ಬಾಯಿ ಬರುವುದಿಲ್ಲವಾದ್ದರಿಂದ ಆಫೀಸಿನಲ್ಲಿ ಅವರಿಗೆ ಪೂರ್ಣವಿರಾಮ ಎಂದು ಅಡ್ಡಹೆಸರು. ಅವರ ಹತ್ತಿರ ಹೋಗಿ ಕೇಳಿದೆ. ಅವರು ನನ್ನ ಹಳೆಯ ವರದಿಗಳನ್ನು ಓದಿದ್ದರು. ಆರು ವರ್ಷದಲ್ಲಿ ಓದಿದ ಮೊದಲ ವ್ಯಕ್ತಿ.

"ಎರಡು ವಾರ ನನ್ನ ತಂಡದಲ್ಲಿ ಕೂತು ಬರೀರಿ," ಅಂದರು. "ಬಂತು ಅಂದ್ರೆ ಅಲ್ಲೇ ಇರಿ. ಬರ್ಲಿಲ್ಲ ಅಂದ್ರೆ ವಾಪಸ್ ಹೋಗಿ ವರದಿ ಬರೀರಿ."

ಆ ಕುರ್ಚಿ ನನಗೆ ಬೇಕಿತ್ತು. ಬೇರೆ ಯಾವುದನ್ನೂ ನಾನು ಅಷ್ಟು ಹಟದಿಂದ ಬಯಸಿದ್ದಿಲ್ಲ.

ತೊಂದರೆ ಏನೆಂದರೆ ನನ್ನ ಹಳೆಯ ಲ್ಯಾಪ್‌ಟಾಪ್ ಮುದಿ ಎಮ್ಮೆ. ವರದಿ ಬರೆಯಲು ಸಾಕು, ಆದರೆ ತಂಡದ ಪ್ರೋಗ್ರಾಂ ತೆರೆಯಲು ಹೇಳಿದರೆ ಏದುಸಿರು ಬಿಟ್ಟುಕೊಂಡು ಕೂತುಬಿಡುತ್ತಿತ್ತು. ಹೊಸದು ಬೇಕು. ಆಫೀಸಿನ ನಿಯಮ ಸರಳ: ಗೊತ್ತುಮಾಡಿದ ಅಂಗಡಿಗೆ ಹೋಗಿ ನಿಮಗೆ ಬೇಕಾದದ್ದನ್ನು ನೀವೇ ಆರಿಸಿಕೊಳ್ಳಿ, ಒಮ್ಮೆ ಆರಿಸಿದ ಮೇಲೆ ಮೂರು ವರ್ಷ ಅದೇ. ಮದುವೆಗೂ ಇಷ್ಟು ಕಟ್ಟುನಿಟ್ಟಿಲ್ಲ.

ನಾನು ಕೆಲಸ ಮಾಡುವ ರೀತಿ ಹೇಳಿಬಿಡುತ್ತೇನೆ. ಲ್ಯಾಪ್‌ಟಾಪ್‌ನಲ್ಲಿ ಬರೆದದ್ದನ್ನೆಲ್ಲ ಒಂದು ದನಿ ಸಾಲುಸಾಲಾಗಿ ನನ್ನ ಕಿವಿಗೆ ಓದುತ್ತದೆ. ಎಷ್ಟು ವೇಗವಾಗಿ ಎಂದರೆ, ಪಕ್ಕದವರಿಗೆ ಜೀರುಂಡೆ ಕೂಗಿದ ಹಾಗೆ ಕೇಳುತ್ತದಂತೆ. ಸ್ಕ್ರೀನನ್ನು ನಾನು ಯಾವಾಗಲೂ ಆರಿಸಿಯೇ ಇಡುತ್ತೇನೆ, ಬ್ಯಾಟರಿಯಾದರೂ ಉಳಿಯಲಿ ಎಂದು. ಹಾಗಾಗಿ ನನಗೆ ಬೇಕಾದದ್ದು ಬೆರಳಿಗೆ ಸಿಗುವ ಕೀಗಳು, ಇಯರ್‌ಫೋನ್ ಚುಚ್ಚಲು ಒಂದು ತೂತು, ತಡವರಿಸದ ದನಿ. ಒಳಗೆ ಮೆಮೊರಿ ಧಾರಾಳವಾಗಿದ್ದರೆ ಆಯಿತು. ಬಣ್ಣ ಕಪ್ಪಿದ್ದರೂ ಕೆಂಪಿದ್ದರೂ ನನ್ನ ತಕರಾರಿಲ್ಲ.

ಆದರೆ ತಕರಾರಿದ್ದವರು ಬೇಕಾದಷ್ಟು ಜನ ಇದ್ದರು. ಹೊಸ ತಂಡದಲ್ಲಿ ಅಂಕಿ ಎಂದು ಕರೆಸಿಕೊಳ್ಳುವ ಒಬ್ಬರಿದ್ದಾರೆ, ನಮಸ್ಕಾರಕ್ಕೂ ಸಂಖ್ಯೆಯಲ್ಲೇ ಉತ್ತರ ಕೊಡುವವರು. ಅವರು ಮೆಮೊರಿ ಎಷ್ಟಿರಬೇಕೆಂದು ಹದಿನಾರು, ಮೂವತ್ತೆರಡು, ಐನೂರ ಹನ್ನೆರಡು ಎಂದು ಮಗ್ಗಿ ಒಪ್ಪಿಸಿದರು. ಅಮ್ಮ, "ಹಗುರವಾಗಿರೋದು ತಗೊಳ್ಳೇ, ಭುಜ ನೋಯುತ್ತೆ," ಅಂದಳು. ಅಣ್ಣ ಏನೂ ಹೇಳಲಿಲ್ಲ. ಅವನು ಏನೂ ಹೇಳಲಿಲ್ಲ ಎಂದರೆ ಆಗಲೇ ಆರಿಸಿಯಾಗಿದೆ ಎಂದು ಅರ್ಥ.

ಶುಕ್ರವಾರ ಮಧ್ಯಾಹ್ನ ಇಬ್ಬರೂ ಅಂಗಡಿಗೆ ಹೋದೆವು. ಮಾರುವವನು ಬಂದು ನೆಟ್ಟಗೆ ಅಣ್ಣನನ್ನೇ ಕೇಳಿದ.

"ಮೇಡಂಗೆ ಯಾವ ತರದ್ದು ಬೇಕು ಸರ್?"

"ಮೇಡಂ ಇಲ್ಲೇ ಇದಾರೆ. ಮಾತೂ ಬರುತ್ತೆ," ಅಂದೆ.

"ಸಾರಿ ಮೇಡಂ, ಸಾರಿ!" ಅಂದ, ಎರಡು ಪಟ್ಟು ಜೋರಾಗಿ. ಕಣ್ಣು ಕಾಣದವರಿಗೆ ಕಿವಿಯೂ ಮಂದ ಎಂದು ಜನ ಯಾಕೆ ತಿಳಿಯುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮತ್ತೆ ಅಣ್ಣನ ಕಡೆ ತಿರುಗಿದ. "ಸ್ಕ್ರೀನ್ ಎಷ್ಟು ಇಂಚಿರಲಿ ಸರ್?"

"ಸ್ಕ್ರೀನೇ ಇಲ್ಲದ್ದು ಇದ್ಯಾ?" ಅಂದೆ.

ಅವನು ಸ್ವಲ್ಪ ಯೋಚಿಸಿ, ಗೋಡೌನ್‌ನಲ್ಲಿ ಕೇಳಿ ನೋಡ್ತೀನಿ ಮೇಡಂ ಅಂದ. ಒಳ್ಳೆಯ ಮನುಷ್ಯ. ಗಿರಾಕಿಗೆ ಇಲ್ಲ ಅನ್ನಬಾರದು ಎಂದು ಹೇಳಿಕೊಟ್ಟಿರಬೇಕು.

ಮೊದಲು ತಂದದ್ದು ಒಂದು ತೆಳ್ಳನೆಯ ಲ್ಯಾಪ್‌ಟಾಪ್. "ಬೆಳ್ಳಿ ಬಣ್ಣ ಸರ್. ಸ್ಕ್ರೀನ್ ನೋಡಿ, ಕಣ್ಣಿಗೆ ಹಬ್ಬ," ಅಂದ. ಅಣ್ಣ ಆಹಾ ಅಂದ. ಫ್ರೇಮ್ ಮಾರುವಾಗ ಗಿರಾಕಿಗಳ ಬಾಯಿಂದ ಬರುವ ಆಹಾ ಅದು. ಈಗ ಅವನ ಬಾಯಿಂದಲೇ ಬಂತು. ನಾನು ಕೀಬೋರ್ಡಿನ ಮೇಲೆ ಬೆರಳಾಡಿಸಿದೆ. ಕೀಗಳೆಲ್ಲ ಒಂದೇ ಮಟ್ಟಕ್ಕೆ ಉಜ್ಜಿಟ್ಟ ನೆಲದ ಹಾಗಿದ್ದವು, ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ಗೊತ್ತಾಗುವುದಿಲ್ಲ. ಇಯರ್‌ಫೋನ್ ಚುಚ್ಚಿ ಓದುವ ದನಿಯನ್ನು ಚಾಲೂ ಮಾಡಿದೆ. "ಡೆಸ್ಕ್‌ಟಾಪ್" ಅನ್ನಬೇಕಾದದ್ದು "ಟಾಪ್" ಅಂದಿತು. ಎರಡು ಕ್ಷಣ ಸುಮ್ಮನಿದ್ದು ಮತ್ತೆ ಒತ್ತಿದೆ. ಮತ್ತೆ "ಟಾಪ್".

ಇದು ನನಗೆ ಗೊತ್ತಿದ್ದ ರೋಗ. ಬ್ಯಾಟರಿ ಉಳಿಸಲೆಂದು ಇಂಥ ಲ್ಯಾಪ್‌ಟಾಪ್‌ಗಳಲ್ಲಿ ದನಿ ಹೊರಡಿಸುವ ಚಿಪ್ ಸ್ವಲ್ಪ ಹೊತ್ತು ಕೆಲಸವಿಲ್ಲದಿದ್ದರೆ ಮಲಗಿಬಿಡುತ್ತದೆ. ಕರೆದಾಗ ಎದ್ದು ಕೂರುವಷ್ಟರಲ್ಲಿ ಮೊದಲ ಅಕ್ಷರಗಳು ಹೋಗಿರುತ್ತವೆ. ಹಾಡು ಕೇಳುವವರಿಗೆ ಇದು ಗೊತ್ತೂ ಆಗುವುದಿಲ್ಲ. ಆದರೆ ಸಾಲುಸಾಲಾಗಿ, ನಡುನಡುವೆ ನಿಲ್ಲಿಸಿ ಯೋಚಿಸಿ ಕೇಳುವ ನನಗೆ ಪ್ರತಿ ಸಾಲಿನ ತಲೆ ಹಾರಿಹೋಗುತ್ತದೆ.

ಆಮೇಲೆ ಕೆಳಗಿನ ಶೆಲ್ಫಿನಲ್ಲಿ ಒಂದು ದಪ್ಪನೆಯದು ಕೈಗೆ ಸಿಕ್ಕಿತು. ಪ್ರತಿ ಕೀಗೂ ಬೆರಳು ಕೂರುವ ಹಾಗೆ ಒಂದು ಸಣ್ಣ ತಗ್ಗು, ಒತ್ತಿದರೆ ಒತ್ತಿದೆ ಎಂದು ಹೇಳುವ ಸದ್ದು. ದನಿ ಕರೆದ ಕೂಡಲೇ ಎದ್ದು ನಿಂತಿತು. ಮುಚ್ಚಿದರೆ ಮನೆಬಾಗಿಲು ಹಾಕಿದ ಹಾಗೆ ಧಡ್ ಅಂದಿತು. ನನಗೆ ನಿಂತಲ್ಲೇ ಪ್ರೀತಿ ಹುಟ್ಟಿತು.

"ಇದು," ಅಂದೆ.

"ಅದು ಹಳೇ ಮಾಡೆಲ್ ಮೇಡಂ, ಯಾರೂ ತಗೊಳ್ಳಲ್ಲ," ಅಂದ ಮಾರುವವನು.

"ಇಟ್ಟಿಗೆ ಇದ್ದಂಗಿದೆ," ಅಂದ ಅಣ್ಣ.

"ನನಗೆ ಇಟ್ಟಿಗೇನೇ ಬೇಕು."

ಶೆಲ್ಫಿನಲ್ಲಿದ್ದದ್ದು ತೋರಿಸಲು ಇಟ್ಟದ್ದು, ಹೊಸ ಪೆಟ್ಟಿಗೆ ನಾಳೆ ಬರುತ್ತದೆ ಎಂದರು. ಶನಿವಾರ ನಾನು ಹಳೆಯ ಮೇಜಿನ ಕೆಲಸವನ್ನೆಲ್ಲ ಬೇರೆಯವರಿಗೆ ಒಪ್ಪಿಸಿಕೊಡಬೇಕಿತ್ತು. ಅಣ್ಣನೇ ಹೋಗಿ ತರುವುದೆಂದು ಮಾತಾಯಿತು. ಅಂಗಡಿಯಲ್ಲಿ ತೋರಿಸಬೇಕಾದ ಆಫೀಸಿನ ಪತ್ರವನ್ನು ಅವನ ಕೈಗೆ ಕೊಟ್ಟೆ. ನನ್ನ ಬುದ್ಧಿಗೆ ಏನಾಗಿತ್ತೋ.

ಶನಿವಾರ ಹನ್ನೊಂದು ಗಂಟೆಗೆ ಅವನ ಫೋನ್ ಬಂತು.

"ಎರಡೂ ಕೌಂಟರ್ ಮೇಲಿದೆ. ತೆಳ್ಳಗಿರೋದು ಕೊನೇ ಪೀಸ್ ಅಂತೆ. ಇನ್ನೊಂದ್ಸಲ ಯೋಚನೆ ಮಾಡು. ಯಾವುದು?"

"ಅಣ್ಣ, ಆ ತೆಳ್ಳಗಿರೋದನ್ನ ಮಾತ್ರ ತಗೋಬೇಡ," ಅಂದೆ.

ನನ್ನ "ಬೇಡ"ದ ಮೇಲೆಯೇ ಅವನ "ಸರಿ ಸರಿ" ಬಿದ್ದು ಫೋನ್ ಕಟ್ಟಾಯಿತು. ಇದೇನೂ ಹೊಸದಲ್ಲ. ಅಣ್ಣನಿಗೆ ಫೋನಿನಲ್ಲಿ ಯಾರ ಮಾತನ್ನೂ ಕೊನೆಯವರೆಗೆ ಕೇಳುವ ಅಭ್ಯಾಸವಿಲ್ಲ. ಎತ್ತು ಈಯಿತು ಎಂದರೆ ಸಾಕು, ಕರುವನ್ನು ಕೊಟ್ಟಿಗೆಗೆ ಕಟ್ಟಲು ಹೊರಟಿರುತ್ತಾನೆ.

ಸಂಜೆ ಮನೆಗೆ ಬಂದರೆ ಮೇಜಿನ ಮೇಲೆ ಆ ತೆಳ್ಳನೆಯದು. ಅಣ್ಣ ತಾನೇ ಪೆಟ್ಟಿಗೆ ಬಿಚ್ಚಿ, ಮೇಲಿನ ಪ್ಲಾಸ್ಟಿಕ್ ಕಿತ್ತು, ಅದಕ್ಕೊಂದು ಹೊಂದುವ ಚೀಲವನ್ನೂ ತಂದು ಇಟ್ಟಿದ್ದ. ಬಿಚ್ಚಿದ ಪೆಟ್ಟಿಗೆಯನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ. ಬೆರಳಿಗೆ ಆ ನುಣುಪು ಕೀಗಳು ತಗುಲಿದ ಕೂಡಲೇ ನನಗೆ ಮೈಯೆಲ್ಲ ಉರಿದುಹೋಯಿತು.

"ತಗೋಬೇಡ ಅಂದೆ ನಾನು!"

"ತಗೋ ಅಂದೆ. ಆ ತೆಳ್ಳಗಿರೋದನ್ನ ಮಾತ್ರ ತಗೋ ಅಂದೆ. ನನಗೆ ಕೇಳಿಸಿದ್ದು ಅಷ್ಟೇ."

"ಪೂರ್ತಿ ಕೇಳೋಕೇನು ರೋಗ ನಿನಗೆ? ಬಾಲ ಕತ್ತರಿಸಿ ಕೇಳಿಸ್ಕೊಳ್ತೀಯಲ್ಲ!"

ಅಮ್ಮ ಒಳಗಿನಿಂದ ಬಂದು ನ್ಯಾಯ ಹೇಳಿದಳು. "ಬೇಡ ಅನ್ನೋದನ್ನ ಮೊದ್ಲೇ ಹೇಳ್ಬೇಕಿತ್ತು ಕಣೇ ನೀನು."

"ಹೇಗಮ್ಮ ಹೇಳೋದು? ಬೇಡ ತಗೋ ಅನ್ಲಾ?"

ಅಮ್ಮ ಒಂದೆರಡು ಸಲ ತನ್ನಷ್ಟಕ್ಕೆ ಹೇಳಿ ನೋಡಿಕೊಂಡಳು, ಸರಿಹೋಗಲಿಲ್ಲ. ನಮ್ಮ ಮಾತಿನ ಹಣೆಬರಹವೇ ಇದು. ಬೇಡ, ಇಲ್ಲ, ಅಲ್ಲ, ಕೂಡದು, ಎಲ್ಲವೂ ಸಾಲಿನ ಕೊನೆಗೆ ಕೂತಿರುತ್ತವೆ. ಅರ್ಧಕ್ಕೆ ಎದ್ದುಹೋಗುವವನಿಗೆ ನಮ್ಮಲ್ಲಿ ಪ್ರತಿ ನಿರಾಕರಣೆಯೂ ಒಪ್ಪಿಗೆಯೇ.

"ಆಗಿದ್ದು ಆಯ್ತು ಬಿಡು," ಅಂದ ಅಣ್ಣ. "ಒಂದೇ ಕೈಲಿ ಎತ್ತಬಹುದು. ನೋಡೋಕೂ ಲಕ್ಷಣವಾಗಿದೆ."

"ಯಾರು ನೋಡೋಕೆ?"

ನಾನು ಆ ರಾತ್ರಿಯ ಊಟ ಬಿಟ್ಟೆ. ಆಮೇಲೆ ಹಸಿವಾಗಿ ಮಾಡಿದೆ. ಸೋಮವಾರ ಹೊಸ ಕುರ್ಚಿ, ಕೈಯಲ್ಲಿ ಈ ಲ್ಯಾಪ್‌ಟಾಪ್. ಹೊಂದಿಕೊಳ್ಳೋಣ ಎಂದುಕೊಂಡೆ. ಬೇರೆಯದನ್ನು ಕೊಡಿ ಎಂದು ಮೊದಲ ದಿನವೇ ಕೇಳಿಕೊಂಡು ಹೋದರೆ, "ಪಾಪ, ಅವರಿಗೆ ಕಷ್ಟ" ಎಂಬ ಮಾತು ಶುರುವಾಗುತ್ತದೆ. ಆ ಮಾತು ಶುರುವಾದರೆ ಕುರ್ಚಿ ಹೋದ ಹಾಗೆಯೇ.

ತಂಡ ಆಗ ಬರೆಯುತ್ತಿದ್ದದ್ದು ಹಲ್ಲಿನ ಡಾಕ್ಟರುಗಳಿಗೆ ಬೇಕಾದ ಪ್ರೋಗ್ರಾಂ. ಯಾರು ಯಾವಾಗ ಬರಬೇಕು, ಯಾರು ಬರುವುದಿಲ್ಲ ಎಂದು ರದ್ದು ಮಾಡಿದ್ದಾರೆ, ಎಲ್ಲ ಲೆಕ್ಕ ಇಟ್ಟುಕೊಂಡು ರೋಗಿಗಳ ಫೋನಿಗೆ ಹಿಂದಿನ ದಿನ ನೆನಪಿನ ಮೆಸೇಜು ಕಳಿಸುವುದು. ಆ ನೆನಪಿನ ಭಾಗವನ್ನು ನನಗೆ ಕೊಟ್ಟರು. ಎರಡು ದಿನ ಚೆನ್ನಾಗಿಯೇ ನಡೆಯಿತು. ನುಂಗಿಹೋದ ಅಕ್ಷರಗಳನ್ನು ಊಹಿಸಿಕೊಂಡು, ಅನುಮಾನ ಬಂದಲ್ಲಿ ಎರಡೆರಡು ಸಲ ಕೇಳಿಕೊಂಡು ಸಾಗಿದೆ.

ಬುಧವಾರ ಒಂದು ಸಾಲಿಗೆ ಬಂದೆ. ಯಾರಿಗೆ ಮೆಸೇಜು ಹೋಗಬೇಕು ಎಂದು ತೀರ್ಮಾನಿಸುವ ಸಾಲು. ಕಿವಿಗೆ "ಕ್ಯಾನ್ಸಲ್ಡ್" ಎಂದು ಕೇಳಿಸಿತು. ಅಂದರೆ ರದ್ದು ಮಾಡಿದವರಿಗೆ ಕಳಿಸು! ಯಾವ ಮಹಾನುಭಾವ ಇದನ್ನು ಬರೆದ, ಮುಂದೆ ಒಂದು "ನಾಟ್" ಹಾಕುವುದನ್ನೇ ಮರೆತಿದ್ದಾನಲ್ಲ ಎಂದು ಖುಷಿಯಾಯಿತು. ಬೇರೆಯವರ ತಪ್ಪು ಸಿಕ್ಕಾಗ ಆಗುವ ಖುಷಿಗೆ ಸಾಟಿಯಿಲ್ಲ. ಸಾಲಿನ ಮೊದಲಿಗೆ ಹೋಗಿ "ನಾಟ್" ಎಂದು ಬರೆದೆ. ಸ್ವಲ್ಪ ಬಿಟ್ಟು ಮತ್ತೆ ಕೇಳಿದೆ. "ನಾಟ್ ಕ್ಯಾನ್ಸಲ್ಡ್" ಎಂದು ಸ್ಪಷ್ಟವಾಗಿ ಹೇಳಿತು. ತೃಪ್ತಿಯಿಂದ ಕಳಿಸಿಕೊಟ್ಟೆ.

ಆ ಸಾಲಿನಲ್ಲಿ ಮೊದಲೇ ಒಂದು "ನಾಟ್" ಇತ್ತು. ಲ್ಯಾಪ್‌ಟಾಪ್ ಅದನ್ನು ನುಂಗಿತ್ತು. ನಾನು ಇನ್ನೊಂದು ಹಾಕಿದ ಮೇಲೆ ನನ್ನದನ್ನು ನುಂಗಿ ಹಳೆಯದನ್ನು ಹೇಳಿತ್ತು. ಯಂತ್ರದ ಭಾಷೆಯಲ್ಲಿ ಇಲ್ಲ ಎನ್ನುವುದು ಮೊದಲಿಗೇ ಬರುತ್ತದೆ. ಎರಡು ಸಲ ಇಲ್ಲ ಎಂದರೆ ಅಲ್ಲಿ ಹೌದು ಎಂದರ್ಥ.

ನಾವು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿಗೆ ಕೊಡಬೇಕು, ಅದು ತಂಡದ ಪದ್ಧತಿ. ನನ್ನದನ್ನು ಓದಬೇಕಾಗಿದ್ದವರು ಅಂಕಿ. ಹತ್ತು ಸೆಕೆಂಡಿನಲ್ಲಿ "ಸೂಪರ್" ಎಂದು ಒಪ್ಪಿಗೆ ಬಂತು.

ಗುರುವಾರ ಬೆಳಿಗ್ಗೆ ಪರೀಕ್ಷೆಗೆಂದು ಪ್ರೋಗ್ರಾಂ ನಡೆಸಿದರು. ಪರೀಕ್ಷೆಯಲ್ಲಿ ರೋಗಿಗಳೆಂದರೆ ಆಫೀಸಿನವರೇ, ಎಲ್ಲರ ಫೋನ್ ನಂಬರನ್ನೂ ಹಾಕಿಟ್ಟಿರುತ್ತಾರೆ. ಒಂದೇ ಸಲಕ್ಕೆ ಕೋಣೆಯ ತುಂಬ ಫೋನುಗಳು ಟಿಂಗ್ ಟಿಂಗ್ ಎನ್ನತೊಡಗಿದವು. ರದ್ದು ಮಾಡಿದವರಿಗೆಲ್ಲ, ರದ್ದು ಮಾಡಿದಷ್ಟು ಸಲವೂ, "ನಾಳೆ ಹಲ್ಲು ಕೀಳಿಸಿಕೊಳ್ಳಲು ತಪ್ಪದೇ ಬನ್ನಿ" ಎಂದು ಮೆಸೇಜು. ಪೂರ್ಣವಿರಾಮ ಅವರ ಹೆಸರಿನಲ್ಲಿ ಯಾರೋ ಪರೀಕ್ಷೆಗೆಂದು ನಲವತ್ತು ಸಲ ರದ್ದು ಮಾಡಿದ್ದರಂತೆ. ಮೂವತ್ತೆರಡು ಹಲ್ಲಿಗೆ ನಲವತ್ತು ಕರೆ. ನಿಜವಾಗಿ ಬರಬೇಕಾದವರ ಫೋನು ಮಾತ್ರ ತೆಪ್ಪಗಿತ್ತು.

ಆ ಸಾಲು ನನ್ನದೇ ಎಂದು ಗೊತ್ತಾಗಲು ಕ್ಷಣವೂ ಬೇಕಾಗಲಿಲ್ಲ. ಕಾದು ಕೂತೆ. ಯಾರಾದರೂ ಬಂದು ಬೈಯುತ್ತಾರೆ ಎಂದು ಕಾದೆ. ಯಾರೂ ಬರಲಿಲ್ಲ. ಹಿಂದಿನಿಂದ ಪಿಸುಮಾತು ಕೇಳಿಸಿತು.

"ಕತ್ತೆ ಇಡೋದಾ?"

"ಶ್! ಪಾಪ ಕಣೋ. ಸುಮ್ನಿರು."

ಕಣ್ಣಿರುವವರಿಗೆ ಶ್ ಎನ್ನುವುದು ಮೆಲ್ಲನೆಯ ಸದ್ದಿರಬೇಕು. ನನಗೆ ಅದು ನಗಾರಿ. ಎದ್ದು ನಿಂತು ಅಂಕಿಯ ಮೇಜಿನ ಹತ್ತಿರ ಹೋಗಿ ಕೇಳಿದೆ.

"ಏನ್ರೀ ಅದು ಕತ್ತೆ?"

ಅದೊಂದು ಮರದ ಕತ್ತೆಯಂತೆ. ತಂಡದಲ್ಲಿ ಯಾರ ತಪ್ಪಿನಿಂದ ಪ್ರೋಗ್ರಾಂ ಕೆಡುತ್ತದೋ ಅವರ ಮೇಜಿನ ಮೇಲೆ ಅದನ್ನು ಇಡುತ್ತಾರೆ. ಕತ್ತೆ ಬಂದವರು ಎಲ್ಲರ ಎದುರು ನಿಂತು ತಪ್ಪು ಹೇಗಾಯಿತೆಂದು ಹೇಳಬೇಕು. ಇನ್ನೊಬ್ಬರು ತಪ್ಪು ಮಾಡುವವರೆಗೆ ಕತ್ತೆ ಅಲ್ಲೇ.

"ಮತ್ತೆ ನನ್ನ ಮೇಜಿಗೆ ಯಾಕೆ ಬರ್ಲಿಲ್ಲ?"

"ನೀವು ಇನ್ನೂ ಹೊಸಬರು... ಎರಡು ವಾರ ಮುಗ್ದಿಲ್ಲ..."

"ಹೋದ ತಿಂಗಳು ಸೇರಿದವರಿಗೆ ಬಂದಿತ್ತಾ?"

"ಮೂರನೇ ದಿನ," ಅಂದರು ಅಂಕಿ, ಮೊದಲ ಸಲ ಸಂಖ್ಯೆ ಹೇಳಲು ಇಷ್ಟವಿಲ್ಲದ ದನಿಯಲ್ಲಿ.

"ನಾನು ಬರೆದಿದ್ದನ್ನ ನೀವು ಓದಿದ್ರಾ?"

"ಮೊದಲ್ನೇ ಕೆಲ್ಸದಲ್ಲೇ ತಪ್ಪು ಹುಡುಕೋದು ಹೇಗೆ ಅಂತ... ಮನಸ್ಸು ಬರ್ಲಿಲ್ಲ ಮೇಡಂ."

ಆಗ ನನಗೆ ಬಂದ ಸಿಟ್ಟು ಅಣ್ಣನ ಮೇಲೂ ಬಂದಿರಲಿಲ್ಲ. ಆರು ವರ್ಷ ವರದಿ ಬರೆದ ಮೂಲೆ ಎದ್ದು ಈ ಕೋಣೆಗೂ ಬಂದು ನನ್ನ ಕುರ್ಚಿಯ ಕೆಳಗೆ ಕೂತಿತ್ತು. ನೆಟ್ಟಗೆ ಪೂರ್ಣವಿರಾಮ ಅವರ ಬಾಗಿಲು ತಟ್ಟಿದೆ.

"ನನಗೆ ಕತ್ತೆ ಬೇಕು ಮೇಡಂ."

"ಏನು?"

"ತಪ್ಪು ನನ್ನದು. ನಲವತ್ತು ಸಲ ನಿಮ್ಮ ಹಲ್ಲು ಕೀಳೋಕೆ ಹೊರಟಿದ್ದು ನಾನು. ಕತ್ತೆ ಕೊಡಲ್ಲ ಅಂದ್ರೆ ನಾನು ಈ ತಂಡದವಳಲ್ಲ ಅಂತ ಅರ್ಥ. ಹಾಗಿದ್ರೆ ಈಗ್ಲೇ ಹೇಳ್ಬಿಡಿ, ಎರಡು ವಾರ ಯಾಕೆ ಕಾಯ್ಬೇಕು?"

ಕುರ್ಚಿ ಹಿಂದೆ ಸರಿದ ಸದ್ದು, ನನ್ನ ಪಕ್ಕದಲ್ಲೇ ಹಾದುಹೋದ ಹೆಜ್ಜೆ. ಹಿಂದೆಯೇ ಹೋದೆ. ನನ್ನ ಮೇಜಿನ ಮೇಲೆ ಟಕ್ ಎಂದು ಏನನ್ನೋ ಇಟ್ಟರು. ಮುಟ್ಟಿ ನೋಡಿದೆ. ಗೇಣುದ್ದದ ಮರದ ಕತ್ತೆ, ಒಂದು ಕಿವಿ ಮುರಿದಿತ್ತು.

"ಎಲ್ಲಾ ಬನ್ನಿ," ಅಂದರು. "ಕತ್ತೆ ಮಾತಾಡುತ್ತೆ."

ಕುರ್ಚಿಗಳು ಉರುಳಿ ಬಂದು ಸುತ್ತ ನಿಂತವು. ನಾನು ಹೇಳಿದೆ. ಮೊದಲ ಅಕ್ಷರ ನುಂಗುವ ಲ್ಯಾಪ್‌ಟಾಪು, ನುಂಗಿದ ಒಂದು ನಾಟು, ನಾನು ತುರುಕಿದ ಇನ್ನೊಂದು ನಾಟು. ಈ ಲ್ಯಾಪ್‌ಟಾಪ್ ಆರಿಸಿದ್ದು ಯಾಕೆ ಎಂದು ಯಾರೋ ಕೇಳಿದರು. ಅದನ್ನೂ ಹೇಳಿದೆ.

"ಇದು ಮುಂದಿಂದ ನುಂಗುತ್ತೆ, ನಮ್ಮಣ್ಣ ಹಿಂದಿಂದ ನುಂಗ್ತಾನೆ. ತಗೋಬೇಡ ಅಂದೆ, ತಗೋ ಅನ್ನೋವರೆಗೆ ಕೇಳಿಸ್ಕೊಂಡು ಫೋನ್ ಇಟ್ಟ. ಇಬ್ಬರ ಮಧ್ಯೆ ಸಿಕ್ಕಿ ನನ್ನ ಬಾಯಲ್ಲಿ ಉಳಿದಿದ್ದು ನಡುಮಧ್ಯದ ನಾಕಕ್ಷರ. ಅದ್ರಲ್ಲೇ ನಿಮ್ಮೆಲ್ಲರ ಹಲ್ಲು ಕೀಳ್ಸೋದಿತ್ತು."

ಮೊದಲು ಯಾರೋ ಒಬ್ಬರು ಮೂಗಿನಲ್ಲಿ ತಡೆದುಕೊಂಡರು. ತಡೆಯಲು ಆಗಲಿಲ್ಲ. ಆಮೇಲೆ ಇಡೀ ಕೋಣೆ ಒಡೆದುಹೋಯಿತು. ಅಂಕಿ ಕೆಮ್ಮುವವರೆಗೆ ನಕ್ಕರು. ಪೂರ್ಣವಿರಾಮ ಅವರ ನಗು ಹೀಗಿದೆ ಎಂದು ಕಟ್ಟಡದಲ್ಲಿ ಅವತ್ತೇ ಗೊತ್ತಾದದ್ದಂತೆ. ಯಾರೋ ನನ್ನ ಬೆನ್ನಿಗೆ ಜೋರಾಗಿ ಗುದ್ದಿದರು. ಆರು ವರ್ಷದಲ್ಲಿ ಆ ಕಟ್ಟಡದಲ್ಲಿ ನನ್ನ ಮೊಣಕೈ ಹಿಡಿದು ಮೆಟ್ಟಿಲು ದಾಟಿಸಿದವರಿದ್ದರು, ಗುದ್ದಿದವರಿರಲಿಲ್ಲ.

ಆಮೇಲೆ ಎಲ್ಲರೂ ಸೇರಿ ಲ್ಯಾಪ್‌ಟಾಪಿನ ರೋಗಕ್ಕೆ ಮದ್ದು ಹುಡುಕಿದರು. ಯಾವಾಗಲೂ ಏನಾದರೊಂದು ನುಡಿಯುತ್ತಿದ್ದರೆ ಚಿಪ್ ಮಲಗುವುದಿಲ್ಲ ಎಂದು ಅಂಕಿ ಹೇಳಿದರು. ಬರೀ ನಿಶ್ಶಬ್ದವನ್ನೇ ಬಿಡದೆ ನುಡಿಸುವ ಐದು ಸಾಲಿನ ಪ್ರೋಗ್ರಾಂ ನಾನು ಬರೆದೆ. ಅಂಕಿ ಅದನ್ನು ಓದಿ ಮೂರು ತಪ್ಪು ಹಿಡಿದರು. ಎರಡು ನಿಜವಾದ ತಪ್ಪು, ಒಂದಕ್ಕೆ ಜಗಳವಾಡಿದೆವು. ಲ್ಯಾಪ್‌ಟಾಪಿನ ಬ್ಯಾಟರಿ ಬೇಗ ಖಾಲಿಯಾಗತೊಡಗಿತು, ಆದರೆ ಅಕ್ಷರಗಳು ಉಳಿದವು.

ಎರಡನೆಯ ವಾರದ ಶುಕ್ರವಾರ ಪೂರ್ಣವಿರಾಮ ನನ್ನ ಮೇಜಿನ ಹತ್ತಿರ ಬಂದರು.

"ಇರಿ," ಅಂದರು. ಅಷ್ಟೇ. ಎರಡು ಹೆಜ್ಜೆ ಹೋದವರು ತಿರುಗಿದರು. "ಆ ಬೆಳ್ಳಿ ಬಣ್ಣದ್ದನ್ನ ನನಗೆ ಕೊಟ್ಟು, ನನ್ನ ಪಾಲಿನದರಲ್ಲಿ ನಿಮಗೆ ಬೇಕಾಗಿದ್ದನ್ನ ತಂದ್ಕೊಳ್ಳಿ. ಮೊದಲ್ನೇ ದಿನದಿಂದ ನೋಡ್ತಿದೀನಿ, ತುಂಬಾ ಚೆನ್ನಾಗಿದೆ ಅದು."

ಶನಿವಾರ ಒಬ್ಬಳೇ ಅಂಗಡಿಗೆ ಹೋದೆ. ದಪ್ಪನೆಯದು ಅಲ್ಲೇ ಇತ್ತು, ಯಾರೂ ತೆಗೆದುಕೊಂಡಿರಲಿಲ್ಲ. ಮಾರುವವನು ಈ ಸಲ ನನ್ನ ಜೊತೆಗೇ ಮಾತಾಡಿದ. ಬೇರೆ ದಾರಿಯಿರಲಿಲ್ಲ.

"ಅವತ್ತೇ ಅಂದ್ಕೊಂಡೆ ಮೇಡಂ, ನೀವು ವಾಪಸ್ ಬರ್ತೀರಿ ಅಂತ," ಅಂದ ಪೆಟ್ಟಿಗೆ ಕಟ್ಟುತ್ತ. "ಸರ್‌ಗೆ ಹೇಳಿದೆ ಕೂಡ. ಅವರು ತಗೋಬೇಡ ಅಂದ್ರಲ್ಲ ಸರ್ ಅಂತ."

"ನಿಮಗೆ ಹೇಗೆ ಗೊತ್ತು?"

"ಸ್ಪೀಕರ್ ಹಾಕಿದ್ರಲ್ಲ ಮೇಡಂ. ಅಂಗಡಿಗೆಲ್ಲಾ ಕೇಳಿಸ್ತು. ಬೇಡ ಅಂತ ಎಷ್ಟು ಜೋರಾಗಿ ಹೇಳಿದ್ರಿ ನೀವು."

ಪೆಟ್ಟಿಗೆ ಹಿಡಿದುಕೊಂಡು ಅಣ್ಣನ ಅಂಗಡಿಯವರೆಗೆ ನಡೆದೆ. ಎರಡು ರಸ್ತೆ ಆಚೆ. ದಾರಿಯುದ್ದಕ್ಕೂ ಬೈಗುಳಗಳನ್ನು ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿಕೊಂಡೆ. ಭುಜ ನೋಯುತ್ತಿತ್ತು, ಅಮ್ಮ ಹೇಳಿದ್ದು ಸರಿ. ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಅವನು ಬಟ್ಟೆಯಿಂದ ಗಾಜು ಒರೆಸುವ ಕೀಚುಕೀಚು ಸದ್ದು ಕೇಳಿಸುತ್ತಿತ್ತು.

"ಸ್ಪೀಕರ್ ಹಾಕಿದ್ಯಂತೆ," ಅಂದೆ.

ಕೀಚುಕೀಚು ನಿಂತಿತು.

"ಬೇಡ ಅಂದಿದ್ದು ಕೇಳಿಸಿತ್ತಾ?"

"ಕೇಳಿಸಿತ್ತು," ಅಂದ.

"ಮತ್ತೆ?"

ಒರೆಸುತ್ತಿದ್ದ ಗಾಜನ್ನು ಕೌಂಟರಿನ ಮೇಲೆ ಇಟ್ಟ ಸದ್ದು. "ಆ ಇಟ್ಟಿಗೇನ ಬೆನ್ನಿಗೆ ಹಾಕ್ಕೊಂಡು, ಕೈಲೊಂದು ಕೋಲು ಹಿಡ್ಕೊಂಡು, ಕಪ್ಪು ಸ್ಕ್ರೀನ್ ಮುಂದೆ ಇಟ್ಕೊಂಡು ಅಷ್ಟು ಜನರ ಮಧ್ಯೆ ಕೂರ್ತೀಯಲ್ಲ ಅನ್ನಿಸ್ತು. ನಗ್ತಾರೆ ಅನ್ನಿಸ್ತು. ಚಿಕ್ಕೋಳಿದ್ದಾಗಿಂದ ನನಗೆ ಇರೋದು ಅದೊಂದೇ ಭಯ. ನಿನ್ನ ನೋಡಿ ಯಾರೂ ನಗಬಾರ್ದು. ಅದಕ್ಕೇ ಎಲ್ಲಾ ನಾನೇ ಆರಿಸೋದು."

ಸಾಲಾಗಿ ನಿಲ್ಲಿಸಿಕೊಂಡು ಬಂದಿದ್ದ ಬೈಗುಳಗಳಲ್ಲಿ ಒಂದೂ ನಾಲಿಗೆಗೆ ಬರಲಿಲ್ಲ. ಪೆಟ್ಟಿಗೆಯನ್ನು ಅವನ ಗಾಜಿನ ಕೌಂಟರಿನ ಮೇಲೆ ಇಟ್ಟೆ.

"ನಕ್ಕರು ಅಣ್ಣ," ಅಂದೆ. "ಹೋದ ವಾರದ ಗುರುವಾರ. ಹದಿನಾಲ್ಕು ಜನ, ನನ್ನ ಸುತ್ತಲೂ ನಿಂತ್ಕೊಂಡು, ಹೊಟ್ಟೆ ಹಿಡ್ಕೊಂಡು ನಕ್ಕರು. ಅಷ್ಟು ಒಳ್ಳೇ ದಿನ ನನಗೆ ಇನ್ನೊಂದು ಬಂದಿಲ್ಲ. ಇಷ್ಟು ವರ್ಷ ಆ ನಗು ನನ್ನ ಹತ್ರ ಬರದ ಹಾಗೆ ತಡೀತಾ ಇದ್ದಿದ್ದು ನೀನಾ?"